ಅಂಟು ಬಿಟ್ಟೆವು, ಇನ್ನು ಒಂದೇ ಎರಕ

ಗ್ರಾಹಕರಿಗೆ ನಮಸ್ಕಾರ.

ನಿಮ್ಮ ಲ್ಯಾಬಿಗೆ ನಾವು ಕಳಿಸುವ ಪಿಡಿಎಂಎಸ್ ಚಿಪ್‌ಗಳನ್ನು (ಒಳಗಿನ ಸಣ್ಣ ನಾಳಗಳಲ್ಲಿ ದ್ರವ ಹರಿಸುವ ಪಾರದರ್ಶಕ ಸಿಲಿಕೋನ್ ರಬ್ಬರಿನ ತುಂಡುಗಳನ್ನು) ಮುಂದಿನ ತಿಂಗಳಿಂದ ಬೇರೆ ರೀತಿ ಮಾಡುತ್ತೇವೆ. ಬೆಲೆ ಈಗಿನಷ್ಟೇ. ಆದರೆ ಆರ್ಡರ್ ಕೊಟ್ಟ ಮೇಲೆ ನಾಲ್ಕು ದಿನದ ಬದಲು ಏಳು ದಿನ ಕಾಯಬೇಕು. ಯಾಕೆ ಅಂತ ಹೇಳಿಬಿಡುತ್ತೇವೆ.

ಇಲ್ಲಿಯವರೆಗೆ ಒಂದು ಹಾಳೆಯಲ್ಲಿ ನಾಳ ಮೂಡಿಸಿ, ಮೇಲೊಂದು ಹಾಳೆ ಅಂಟಿಸುತ್ತಿದ್ದೆವು. ಕಳೆದ ಮಳೆಗಾಲದಲ್ಲಿ ಒಂದು ಚಿಪ್ ವಾಪಸ್ ಬಂತು. ಬೆಳಕಿಗೆ ಹಿಡಿದು ನೋಡಿದರೆ, ಕೆಂಪು ಬಣ್ಣದ ನೀರು ನಾಳ ಬಿಟ್ಟು ಜೋಡಣೆಯ ಸಂದಿನಲ್ಲಿ ಜೇಡರ ಬಲೆಯ ಹಾಗೆ ಹರಡಿತ್ತು. ತಪ್ಪು ನಮ್ಮದೇ. ಪಂಪಿನ ಒತ್ತಡ ಸ್ವಲ್ಪ ಜಾಸ್ತಿಯಾದರೂ ಅಂಟು ಬಿಡುತ್ತಿತ್ತು.

ಈಗ ಜೋಡಣೆಯೇ ಇಲ್ಲ. ಪಂಚಲೋಹದ ವಿಗ್ರಹ ಮಾಡುವವರು ಮೇಣದ ಬೊಂಬೆ ಕರಗಿಸಿ ಆ ಜಾಗಕ್ಕೆ ಲೋಹ ಹೊಯ್ಯುತ್ತಾರಲ್ವಾ? ನಾವು ಕರಗಿಸುವ ತನಕ ಮಾತ್ರ ಅವರ ದಾರಿ, ಆಮೇಲೆ ಖಾಲಿ ಜಾಗವನ್ನು ಖಾಲಿಯೇ ಬಿಡುತ್ತೇವೆ. ನಾಳದ ಆಕಾರವನ್ನು ಮೊದಲು ಎಬಿಎಸ್ ಪ್ಲಾಸ್ಟಿಕ್‌ನಲ್ಲಿ ತ್ರೀಡಿ ಪ್ರಿಂಟ್ ಮಾಡುತ್ತೇವೆ. ಅದನ್ನು ಅಚ್ಚಿನಲ್ಲಿಟ್ಟು, ಹತ್ತಕ್ಕೆ ಒಂದು ಪಾಲು ಗಟ್ಟಿಕಾರಕ ಬೆರೆಸಿದ ಪಿಡಿಎಂಎಸ್ ಸುರಿದು, ಗುಳ್ಳೆ ತೆಗೆದು, 60 ಡಿಗ್ರಿಯಲ್ಲಿ ಗಟ್ಟಿ ಮಾಡುತ್ತೇವೆ. ಎಬಿಎಸ್ ಮೆತ್ತಗಾಗುವುದು 100 ಡಿಗ್ರಿ ದಾಟಿದ ಮೇಲೆ, ಹಾಗಾಗಿ ಆಕಾರ ಕೆಡುವುದಿಲ್ಲ. ಆಮೇಲೆ ಇಡೀ ತುಂಡು ಅಸಿಟೋನ್‌ನಲ್ಲಿ (ಉಗುರುಬಣ್ಣ ತೆಗೆಯಲು ಬಳಸುವ ದ್ರಾವಕ) ಮುಳುಗುತ್ತೆ. ಎಬಿಎಸ್ ಕರಗಿ ಹಾಲಿನಂತೆ ಹೊರಬರುತ್ತೆ, ಪಿಡಿಎಂಎಸ್ ಉಬ್ಬುವುದು ತೀರಾ ಕಡಿಮೆ. ಟಾಲ್ಯೂಯಿನ್ ಎಂಬ ಇನ್ನೊಂದು ದ್ರಾವಕ ಆಗಿದ್ದರೆ ಚೆನ್ನಾಗಿಯೇ ಉಬ್ಬುತ್ತಿತ್ತು. ಇದು ನಮ್ಮ ತಲೆಯಿಂದ ಬಂದ ಉಪಾಯವಲ್ಲ, ನೆದರ್ಲೆಂಡ್ಸಿನ ವಾಗೆನಿಂಗೆನ್ ವಿಶ್ವವಿದ್ಯಾಲಯದವರು 2015ರಲ್ಲಿ ತೋರಿಸಿಕೊಟ್ಟದ್ದು.

ಸಮಯ ತಿನ್ನುವುದು ಈ ಕರಗಿಸುವ ಕೆಲಸವೇ. ಎಬಿಎಸ್‌ನೊಳಗಿನ ರಬ್ಬರ್ ಕಣಗಳು ಕರಗುವುದಿಲ್ಲ, ಸುಮ್ನೆ ತೇಲುತ್ತವೆ. ಸಿರಿಂಜಿನಿಂದ ಮತ್ತೆ ಮತ್ತೆ ತೊಳೆದು, ಬರುವ ದ್ರವ ತಿಳಿಯಾಗುವವರೆಗೆ ಬಿಡುವ ಹಾಗಿಲ್ಲ. ಬಣ್ಣದ ಎಬಿಎಸ್ ಬಳಸಿದರೆ ಪುಡಿ ಗೋಡೆಗೆ ಹತ್ತೀತು ಅಂತ ಬಣ್ಣವಿಲ್ಲದ್ದನ್ನೇ ತರಿಸುತ್ತಿದ್ದೇವೆ.

ಡ್ರಾಯಿಂಗ್ ಕಳಿಸುವಾಗ ಒಂದು ವಿಷಯ ನೋಡಿಕೊಳ್ಳಿ. ಪ್ರತಿ ನಾಳಕ್ಕೂ ಎರಡು ಬಾಯಿ ಇರಲಿ. ಒಂದು ತುದಿ ಮುಚ್ಚಿದ ಕವಲಿನೊಳಗೆ ಅಸಿಟೋನ್ ಹರಿಯುವುದಿಲ್ಲ, ಪ್ಲಾಸ್ಟಿಕ್ ಅಲ್ಲೇ ಉಳಿಯುತ್ತೆ. ಸುರುಳಿ ನಾಳ, ಒಂದರ ಮೇಲೊಂದು ಹಾಯುವ ನಾಳ ಈಗ ಧಾರಾಳವಾಗಿ ಕೇಳಿ. ಹಳೇ ವಿಧಾನದಲ್ಲಿ ಅವೇ ನಮಗೆ ತಲೆನೋವಾಗಿದ್ದವು.

ಅರ್ಧ ಮಿಲಿಮೀಟರಿಗಿಂತ ಸಣ್ಣ ನಾಳಕ್ಕೆ ನಮ್ಮ ಪ್ರಿಂಟರ್ ಸಾಲದು. ಪ್ರಿಂಟಿನ ಪದರದ ಗೆರೆಯೂ ನಾಳದ ಗೋಡೆ ಮೇಲೆ ಮೂಡುತ್ತೆ. ಎರಕಕ್ಕೆ ಮೊದಲು ಎಬಿಎಸ್‌ಗೆ ಅಸಿಟೋನ್ ಆವಿ ತೋರಿಸಿ ನುಣುಪು ಮಾಡುತ್ತೇವೆ, ಆದರೂ ಪೂರ್ತಿ ಹೋಗುವುದಿಲ್ಲ. ಮೈಕ್ರೋಸ್ಕೋಪಿನಡಿ ಇಟ್ಟು ನೋಡುವವರಿಗೆ ಹಳೇ ಅಂಟಿಸಿದ ಚಿಪ್ಪೇ ಒಳ್ಳೆಯದು. ಆರ್ಡರಿನಲ್ಲಿ "ಹಳೇ ಥರ" ಅಂತ ಬರೆದರೆ ಸಾಕು, ಅದನ್ನು ನಾಲ್ಕೇ ದಿನದಲ್ಲಿ ಕಳಿಸುತ್ತೇವೆ.

ಹೊಸ ಚಿಪ್ಪಿನ ಕವರ್ ಬಿಚ್ಚಿದಾಗ ಉಗುರುಬಣ್ಣ ತೆಗೆಯುವ ದ್ರವದ ವಾಸನೆ ಬಂದರೆ, ಫ್ಯಾನಿನಡಿ ಒಂದು ದಿನ ಇಟ್ಟು ಆಮೇಲೆ ಬಳಸಿ.

ಇಂತಿ,
ವರ್ಕ್‌ಶಾಪಿನವರು