ಪಾಠದ ವಿಡಿಯೊದಲ್ಲಿ ಏನನ್ನು ತೆಗೆದಿದ್ದೇವೆ, ಏನನ್ನು ಉಳಿಸಿದ್ದೇವೆ: ಹತ್ತನೇ ತರಗತಿ ಪೋಷಕರಿಗೆ ಪತ್ರ

ಪ್ರಿಯ ಪೋಷಕರೇ, ನಮಸ್ಕಾರ.

ಹತ್ತನೇ ತರಗತಿಯ ಗಣಿತ, ವಿಜ್ಞಾನದ ಪಾಠಗಳನ್ನು ರೆಕಾರ್ಡ್ ಮಾಡಿ ನಿಮ್ಮ ಫೋನಿಗೆ ಕಳಿಸುತ್ತಿದ್ದೇವಲ್ಲ, ಅದರ ಬಗ್ಗೆ ಈ ಪತ್ರ. "ಮಧ್ಯೆ ಮಧ್ಯೆ ಮೇಷ್ಟ್ರು ಸುಮ್ನೆ ನಿಂತಿರ್ತಾರೆ, ಅದನ್ನ ಯಾಕೆ ಕಟ್ ಮಾಡಿಲ್ಲ?" ಅಂತ ಕೆಲವರು ಕೇಳಿದ್ದೀರಿ. ಮ್ಯೂಸಿಕ್ ಹಾಕಿದರೆ ಮಕ್ಕಳು ಇನ್ನೂ ಚೆನ್ನಾಗಿ ನೋಡುತ್ತಾರೆ ಅಂತ ಇನ್ನು ಕೆಲವರು ಹೇಳಿದ್ದೀರಿ.

ಮೇಷ್ಟ್ರು ಸುಮ್ಮನಿರೋದು ಬೇಕಂತಲೇ ಬಿಟ್ಟದ್ದು. ಬೆಳಕಿನ ಪಾಠವನ್ನೇ ತೆಗೆದುಕೊಳ್ಳಿ. ವಸ್ತುವನ್ನು ನಿಮ್ನ ದರ್ಪಣಕ್ಕೂ (ಒಳಕ್ಕೆ ಬಾಗಿದ ಕನ್ನಡಿ) ಅದರ ಸಂಗಮ ಬಿಂದುವಿಗೂ (ನೇರವಾಗಿ ಬಂದ ಸಮಾಂತರ ಕಿರಣಗಳು ಪ್ರತಿಫಲಿಸಿ ಸೇರುವ ಜಾಗ) ನಡುವೆ ಇಟ್ಟರೆ ಪ್ರತಿಬಿಂಬ ಎಲ್ಲಿ ಬರುತ್ತೆ ಅಂತ ಮೇಷ್ಟ್ರು ಕೇಳಿ ನಿಲ್ಲುತ್ತಾರೆ. ಆಗ ಮಗು ಸ್ಕೇಲ್ ಇಟ್ಟು ಎರಡು ಕಿರಣ ಎಳೆಯಬೇಕು, ಪ್ರತಿಫಲಿಸಿದ ಕಿರಣಗಳು ಮುಂದೆ ಎಲ್ಲೂ ಸೇರುತ್ತಿಲ್ಲವಲ್ಲ ಅಂತ ಗಮನಿಸಬೇಕು, ಆಮೇಲೆ ಅವನ್ನೇ ಚುಕ್ಕೆ ಗೆರೆಯಲ್ಲಿ ಕನ್ನಡಿಯ ಹಿಂದಕ್ಕೆ ಎಳೆದು ನೋಡಬೇಕು ಅನ್ನೋದು ಹೊಳೆಯಬೇಕು. ಇದಕ್ಕೆ ಸಮಯ ಬೇಕು. ಆ ಮೌನವನ್ನು ಕತ್ತರಿಸಿದರೆ ಮಗು ಪೆನ್ಸಿಲ್ ತೆಗೆಯುವ ಮೊದಲೇ ಉತ್ತರ ಬಂದುಬಿಡುತ್ತೆ. ಇದೇ ಕಾರಣಕ್ಕೆ ರೆಡಿಮೇಡ್ ಚಿತ್ರವನ್ನೂ ಹಾಕುತ್ತಿಲ್ಲ. ಪರೀಕ್ಷೆಯಲ್ಲಿ ಚಿತ್ರ ಬರೆಯಬೇಕಾದವರು ಮಕ್ಕಳು, ಅವರು ನೋಡಬೇಕಾದದ್ದು ಗೆರೆ ಎಳೆಯುತ್ತಿರುವ ಕೈಯನ್ನು.

ತೆಗೆಯೋದು ಬೇರೆ ಸುಮಾರು ಇದೆ. ಹಾಜರಿ, ಬೋರ್ಡ್ ಒರೆಸೋದು, ಯಾರೋ ಬಾಗಿಲಿಗೆ ಬಂದು ಸುತ್ತೋಲೆ ಕೊಟ್ಟು ಹೋಗೋದು, ಇವೆಲ್ಲ ಕಟ್. ಉಳಿದದ್ದನ್ನು ಆರರಿಂದ ಹತ್ತು ನಿಮಿಷದ ತುಣುಕುಗಳಾಗಿ ಒಡೆಯುತ್ತೇವೆ, ಒಂದು ತುಣುಕಿಗೆ ಒಂದೇ ವಿಷಯ. ಎಡ್‌ಎಕ್ಸ್ ಅನ್ನುವ ಕಲಿಕಾ ತಾಣದ ಆನ್‌ಲೈನ್ ಪಾಠಗಳ ಮೇಲೆ 2014ರಲ್ಲಿ ಬಂದ ಅಧ್ಯಯನದಲ್ಲೂ ಚಿಕ್ಕ ವಿಡಿಯೊಗಳನ್ನೇ ವಿದ್ಯಾರ್ಥಿಗಳು ಹೆಚ್ಚು ಪೂರ್ತಿಯಾಗಿ ನೋಡಿದ್ದು ಕಂಡುಬಂತು.

ಜಾಸ್ತಿ ಕೆಲಸ ಹಿಡಿಯೋದು ಧ್ವನಿ. ಚಿತ್ರ ಸ್ವಲ್ಪ ಮಸುಕಾದರೂ ಮಕ್ಕಳು ಸಹಿಸಿಕೊಳ್ಳುತ್ತಾರೆ, ಮಾತು ಕೇಳಿಸದಿದ್ದರೆ ಮುಚ್ಚಿಟ್ಟುಬಿಡುತ್ತಾರೆ. ಹಾಗಾಗಿ ಮೇಷ್ಟ್ರು ಕಾಲರ್ ಮೈಕ್ ಹಾಕಿಕೊಂಡು, ಪಾಠ ಶುರು ಮಾಡುವ ಮೊದಲು ಐದಾರು ಸೆಕೆಂಡ್ ಏನೂ ಮಾತಾಡದೆ ನಿಲ್ಲುತ್ತಾರೆ. ಆಗ ರೆಕಾರ್ಡ್ ಆಗೋದು ಬರೀ ಫ್ಯಾನಿನ ಸದ್ದು. ಆಡಾಸಿಟಿ ಅನ್ನುವ ಉಚಿತ ಸಾಫ್ಟ್‌ವೇರಿಗೆ ಆ ತುಣುಕನ್ನು ತೋರಿಸಿದರೆ, ಉಳಿದ ಪಾಠದಲ್ಲೂ ಅದೇ ಸದ್ದನ್ನು ಹುಡುಕಿ ತಗ್ಗಿಸುತ್ತೆ. ಪೂರ್ತಿ ತೆಗೆಯಲು ಹೋದರೆ ಮೇಷ್ಟ್ರು ಬಿಂದಿಗೆಯೊಳಗಿಂದ ಮಾತಾಡಿದ ಹಾಗೆ ಕೇಳಿಸುತ್ತೆ, ಅದಕ್ಕೇ ಹಿಂದೆ ಸ್ವಲ್ಪ ಫ್ಯಾನ್ ಕೇಳಿಸಿದರೂ ಇರಲಿ ಅಂತ ಬಿಡುತ್ತೇವೆ. ಇಷ್ಟು ಕಷ್ಟಪಟ್ಟು ಸದ್ದು ಇಳಿಸಿ, ಅದರ ಮೇಲೆ ನಾವೇ ಮ್ಯೂಸಿಕ್ ಸುರಿಯೋದು ಸರಿಯಲ್ಲ, ಅಲ್ವಾ? ಫೋನಿನ ಪುಟ್ಟ ಸ್ಪೀಕರಿನಲ್ಲಿ, ಪಕ್ಕದಲ್ಲಿ ಟಿವಿ ಓಡುತ್ತಿರುವ ಮನೆಯಲ್ಲಿ ಕೂತು ಕೇಳುವ ಮಗುವಿಗೆ ಮಾತಷ್ಟೇ ಸಾಕು.

ಇನ್ನು ಡೇಟಾ. ರೆಕಾರ್ಡಿಂಗ್ ಮಾಡೋದು 1080 ಪಿಕ್ಸೆಲ್‌ನಲ್ಲಿ, ಬೋರ್ಡಿನ ಒಂದು ಮೂಲೆಯನ್ನು ಹಿಗ್ಗಿಸಿದರೂ ಸೀಮೆಸುಣ್ಣದ ಅಕ್ಷರ ಒಡೆಯಬಾರದು ಅಂತ. ಹಾಗೇ ಕಳಿಸಿದರೆ ಒಂದು ಪೀರಿಯಡ್ಡೇ ಹಲವು ಜಿಬಿ ಆಗುತ್ತೆ, ನಿಮ್ಮ ದಿನದ ಪ್ಯಾಕ್ ಅಲ್ಲಿಗೇ ಮುಗಿಯಿತು. ಅದಕ್ಕೆ ಹ್ಯಾಂಡ್‌ಬ್ರೇಕ್ ಅನ್ನುವ, ವಿಡಿಯೊ ಚಿಕ್ಕದು ಮಾಡುವ ಸಾಫ್ಟ್‌ವೇರಿನಲ್ಲಿ 480ಕ್ಕೆ ಇಳಿಸಿ ಕಳಿಸುತ್ತೇವೆ. ಶಾಲೆಗೆ ಪೆನ್‌ಡ್ರೈವ್ ತಂದರೂ ಹಾಕಿಕೊಡುತ್ತೇವೆ, ಸಂಕೋಚ ಬೇಡ.

ಒಂದು ವಿಷಯದಲ್ಲಿ ನಿಮ್ಮ ಒಪ್ಪಿಗೆ ಬೇಕು. ಪಾಠದ ಮಧ್ಯೆ ಮಕ್ಕಳು ಕೇಳುವ ಪ್ರಶ್ನೆಗಳು ತುಂಬಾ ಚೆನ್ನಾಗಿರುತ್ತವೆ, ಅವನ್ನು ಉಳಿಸಿಕೊಳ್ಳೋಕೆ ನನಗೆ ಆಸೆ. ಆದರೆ ನೀವು ಒಪ್ಪದೆ ಯಾವ ಮಗುವಿನ ಮುಖವನ್ನೂ ದನಿಯನ್ನೂ ಇಡುವುದಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ 18 ವರ್ಷದೊಳಗಿನವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕು ಅನ್ನುತ್ತದೆ. ಬೇಡ ಅಂದರೆ ಬೇಡ, ಕಾರಣ ಹೇಳಬೇಕಿಲ್ಲ. ಪ್ರಶ್ನೆಯನ್ನು ಮೇಷ್ಟ್ರೇ ತಮ್ಮ ದನಿಯಲ್ಲಿ ಓದುತ್ತಾರೆ. ನೀವೂ ಈ ವಿಡಿಯೊಗಳನ್ನು ಬೇರೆ ಗ್ರೂಪುಗಳಿಗೆ ಫಾರ್ವರ್ಡ್ ಮಾಡಬೇಡಿ.

ಮಗು ನೋಡುವಾಗ ಪಕ್ಕದಲ್ಲಿ ನೋಟ್‌ಬುಕ್, ಪೆನ್ಸಿಲ್ ಇರಲಿ. ಇಯರ್‌ಫೋನ್ ಇದ್ದರೆ ಕೊಡಿ. ಎಲ್ಲಾದರೂ ಮಾತು ಸರಿಯಾಗಿ ಕೇಳಿಸದಿದ್ದರೆ ಯಾವ ಪಾಠ, ಎಷ್ಟನೇ ನಿಮಿಷ ಅಂತ ಬರೆದು ಕಳಿಸಿ, ಅಷ್ಟು ಭಾಗವನ್ನು ಮತ್ತೆ ರೆಕಾರ್ಡ್ ಮಾಡಿಸುತ್ತೇನೆ. ಒಪ್ಪಿಗೆಯ ಚೀಟಿ ಮಗುವಿನ ಡೈರಿಯಲ್ಲಿದೆ. ಹೌದು ಅಥವಾ ಬೇಡ ಅಂತ ಗುರುತು ಹಾಕಿ, ಸಹಿ ಮಾಡಿ ಶುಕ್ರವಾರದೊಳಗೆ ಕಳಿಸಿಕೊಡಿ.

ಇಂತಿ ನಿಮ್ಮ,
ಮುಖ್ಯ ಶಿಕ್ಷಕಿ