ಐಪಿ ಹಾಕುವ ಮುಂಚೆ ವಕೀಲರನ್ನು ವಿಚಾರಿಸಿ ಹಿಡಿಯಿರಿ

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಪತ್ರಿಕೆಯ ಒಳಪುಟದಲ್ಲಿ ಇರುವೆ ಸಾಲಿನ ಹಾಗೆ ಚಿಕ್ಕ ಅಕ್ಷರದಲ್ಲಿ ಕೋರ್ಟ್ ಪ್ರಕಟಣೆಗಳು ಬರುತ್ತವಲ್ಲ, ಅದನ್ನೆಲ್ಲಾ ಯಾರು ಓದುತ್ತಾರೆ ಅಂತ ಅಂದುಕೊಂಡಿದ್ದೆ. ಎರಡು ವರ್ಷದ ಹಿಂದೆ ಅದರಲ್ಲಿ ದಿವಾಳಿ ಕೇಸಿನಲ್ಲಿ ನನ್ನ ಹೆಸರೇ ಬಂತು. ಎಲ್ಲರೂ ಓದುತ್ತಾರೆ ಅಂತ ಅವತ್ತು ಗೊತ್ತಾಯಿತು. ಬೆಳಿಗ್ಗೆ ಒಗ್ಗರಣೆ-ಮಿರ್ಚಿ ತಿನ್ನಲು ದಿನಾ ಹೋಗುವ ಅಂಗಡಿಗೆ ಹೋದರೆ, ಟೇಬಲ್ ಮೇಲಿದ್ದ ಪೇಪರನ್ನು ಅಂಗಡಿಯವರು ಸುಮ್ನೆ ಮಡಚಿ ಗಲ್ಲಾಪೆಟ್ಟಿಗೆ ಕೆಳಗೆ ಇಟ್ಟರು. ಒಂದು ಮಾತೂ ಆಡಲಿಲ್ಲ. ಮಿರ್ಚಿ ಮಾತ್ರ ಒಂದು ಜಾಸ್ತಿ ಹಾಕಿದರು.

ನಮ್ಮ ಬಳ್ಳಾರಿ ಕಡೆ ದಿವಾಳಿ ಅನ್ನುವುದಕ್ಕಿಂತ ‘ಐಪಿ ಹಾಕಿದ’ ಅನ್ನುವುದೇ ಜಾಸ್ತಿ. ಇನ್ಸಾಲ್ವೆನ್ಸಿ ಪಿಟಿಷನ್, ಅಂದರೆ ಸಾಲ ತೀರಿಸಲು ಆಗದವರು ಕೋರ್ಟಿಗೆ ಹಾಕುವ ದಿವಾಳಿ ಅರ್ಜಿ, ಅನ್ನುವುದು ಬಾಯಲ್ಲಿ ಸವೆದು ಸವೆದು ಐಪಿ ಆಗಿದೆ. ಹಳಬರು ಪಾಪರ್ ಚೀಟಿ ಅಂತಾರೆ. ಅಂಥ ಚೀಟಿಯನ್ನು ಯಾವ ಕೋರ್ಟೂ ಕೊಡುವುದಿಲ್ಲ. ಕೋರ್ಟ್ ಫೀ ಕಟ್ಟಲು ಗತಿ ಇಲ್ಲದವರು ದಾವೆ ಹಾಕುವಾಗ ಬಳಸುತ್ತಿದ್ದ ಪದ ಅದು, 1976ರಲ್ಲಿ ಕಾನೂನು ತಿದ್ದಿದಾಗ ಆ ಪದವೂ ಹೋಯಿತು. ಹೆಸರಲ್ಲೇ ಇಷ್ಟು ಗೊಂದಲ ಇರುವಾಗ ವಿಷಯದಲ್ಲಿ ಎಷ್ಟಿರಬೇಡ?

ನನ್ನದು ಕೌಲ್ ಬಜಾರಿನಲ್ಲಿ ಜೀನ್ಸ್ ಹೊಲಿಯುವ ಸಣ್ಣ ಯೂನಿಟ್ ಇತ್ತು. ಐಪಿ ಜೊತೆ ನನ್ನ ಮೊದಲ ಪರಿಚಯ ಆಗಿದ್ದು ಸಾಲ ಕೊಟ್ಟವನಾಗಿ. ಮಾಲು ತಗೊಂಡು ನಾಲ್ಕು ಲಕ್ಷ ಬಾಕಿ ಇಟ್ಟಿದ್ದ ವ್ಯಾಪಾರಿಯೊಬ್ಬರು ಐಪಿ ಹಾಕಿದರು, ಕೋರ್ಟಿನಿಂದ ನನಗೆ ನೋಟಿಸ್ ಬಂತು, ಅದರಲ್ಲಿ ಸಾಲ ಕೊಟ್ಟವರ ಪಟ್ಟಿಯಲ್ಲಿ ನಾನು 23ನೆಯವನು. ‘ಹೋಯ್ತು ಬಿಡು, ಮುಳುಗಿತು’ ಅಂತ ನೋಟಿಸನ್ನು ಡ್ರಾಯರಿಗೆ ಎಸೆದೆ. ಆಮೇಲೆ ಗೊತ್ತಾಗಿದ್ದು ಏನಂದರೆ, ಕೊಟ್ಟವರು ತಮ್ಮ ಸಾಲವನ್ನು ಅಫಿಡವಿಟ್ ಮೂಲಕ ರುಜುವಾತು ಮಾಡಬೇಕು, ಹಾಗೆ ಮಾಡಿದವರಿಗೆ ರಿಸೀವರ್ (ದಿವಾಳಿಯಾದವರ ಆಸ್ತಿ ನೋಡಿಕೊಳ್ಳಲು ಕೋರ್ಟು ನೇಮಿಸುವವರು) ಆಸ್ತಿ ಮಾರಿ ಬಂದಿದ್ದರಲ್ಲಿ ಪಾಲು ಕೊಟ್ಟಿದ್ದರು. ಆ ವ್ಯಾಪಾರಿಗೆ ಬಿಡುಗಡೆ, ಅಂದರೆ ಹಳೇ ಸಾಲದಿಂದ ಮುಕ್ತಿ ಅಂತ ಕೋರ್ಟಿನ ಆದೇಶ, ಆಗುವವರೆಗೂ ನನಗೆ ಅವಕಾಶ ಇತ್ತಂತೆ. ಒಬ್ಬ ವಕೀಲರ ಹತ್ತಿರ ಅರ್ಧ ಗಂಟೆ ಹೋಗಿ ಕೂತಿದ್ದರೆ ನನಗೂ ಏನಾದರೂ ಬರುತ್ತಿತ್ತು. ನೋಟಿಸ್ ಬಂದ ಕೂಡಲೇ ಡ್ರಾಯರ್ ನೋಡುವವರು ನಮ್ಮ ಬಜಾರಿನಲ್ಲಿ ನಾನೊಬ್ಬನೇ ಅಲ್ಲ.

ಆಮೇಲೆ ನನ್ನ ಸರದಿ ಬಂತು. ಹನ್ನೆರಡು ಮಷಿನ್ ಮೇಲೆ ಬ್ಯಾಂಕಿನ ಸಾಲ ಆರು ಲಕ್ಷ, ಬಟ್ಟೆ ಕೊಟ್ಟವರಿಗೆ ಐದು, ಫೈನಾನ್ಸಿಗೆ ಮೂರು, ಕೈಗಡ ನಾಲ್ಕು. ಒಟ್ಟು ಹದಿನೆಂಟು ಲಕ್ಷ. ಕೈಗಡಕ್ಕೆ ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿ. ಲೆಕ್ಕ ಬರೆಯುವುದನ್ನೇ ಬಿಟ್ಟಿದ್ದೆ, ಬರೆದರೆ ನಿದ್ದೆ ಬರುತ್ತಿರಲಿಲ್ಲ.

ಇಂಥ ಹೊತ್ತಲ್ಲಿ ಫೋನಿಗೆ ಒಂದು ಕರೆ ಬಂತು. ಬೆಂಗಳೂರಿನ ಯಾವುದೋ ಸಾಲ ಸೆಟಲ್‌ಮೆಂಟ್ ಏಜೆನ್ಸಿ. ‘ಸರ್, ನಿಮ್ಮ ಸಾಲ ಅರ್ಧ ಮಾಡಿಸ್ತೀವಿ, ಬ್ಯಾಂಕಿನವರ ಫೋನ್ ಎತ್ತಬೇಡಿ, ಕಂತು ಕಟ್ಟಬೇಡಿ, ನಮ್ಮ ಲೀಗಲ್ ಟೀಮ್ ನೋಡಿಕೊಳ್ಳುತ್ತೆ.’ ತಿಂಗಳಿಗೆ 6,500 ರೂಪಾಯಿ ಫೀಸು. ಹನ್ನೊಂದು ತಿಂಗಳು ಕಟ್ಟಿದೆ, ಲೆಕ್ಕ ಹಾಕಿ, 71,500. ಫೈನಾನ್ಸಿಗೆ ಕೊಟ್ಟಿದ್ದ ಖಾಲಿ ಚೆಕ್ ಬೌನ್ಸ್ ಆಗಿ ಬಳ್ಳಾರಿ ಕೋರ್ಟಿನಿಂದ ಸಮನ್ಸ್ ಬಂದಾಗ ಆ ಲೀಗಲ್ ಟೀಮಿಗೆ ಫೋನ್ ಮಾಡಿದೆ. ‘ಸರ್, ನೀವು ಅಲ್ಲೇ ಒಬ್ಬ ಲೋಕಲ್ ಅಡ್ವೊಕೇಟನ್ನು ಇಟ್ಟುಕೊಳ್ಳಿ’ ಅಂದರು. ಅದನ್ನು ಮೊದಲ ದಿನವೇ ಹೇಳಬಹುದಿತ್ತು, ಅಲ್ವಾ?

ಸರಿ, ಲೋಕಲ್ ವಕೀಲರನ್ನೇ ಹಿಡಿದೆ. ಯಾರೋ ಹೇಳಿದರು, ಹೋದೆ. ನನ್ನ ಕಾಗದ ಒಂದನ್ನೂ ನೋಡಲಿಲ್ಲ. ‘ಎಲ್ಲರಿಗೂ ಐಪಿ ನೋಟಿಸ್ ಬಿಡೋಣ್ರಿ, ನೋಟಿಸ್ ಹೋದ್ರೆ ಸಾಕು, ಯಾರೂ ಮನೆ ಕಡೆ ತಲೆ ಹಾಕಂಗಿಲ್ಲ’ ಅಂದರು. ನಲವತ್ತು ಸಾವಿರ ಫೀಸು. ನನ್ನ ಹೆಸರಲ್ಲಿ ಇದ್ದ ಒಂದೇ ಒಂದು ಸೈಟನ್ನು ಬಾಮೈದನ ಹೆಸರಿಗೆ ಮಾಡಿಬಿಡಿ ಅಂತಲೂ ಸಲಹೆ ಕೊಟ್ಟರು. ಪುಣ್ಯಕ್ಕೆ ಬಾಮೈದ ಒಪ್ಪಲಿಲ್ಲ. ವಕೀಲರ ನೋಟಿಸ್ ಬೇರೆ, ಕೋರ್ಟಿಗೆ ಹಾಕುವ ಅರ್ಜಿ ಬೇರೆ ಅಂತ ನನಗೆ ಆಗ ಗೊತ್ತಿರಲಿಲ್ಲ. ನೋಟಿಸ್ ಹೋಯಿತು, ಅರ್ಜಿ ಹೋಗಲೇ ಇಲ್ಲ. ಕೈಗಡ ಕೊಟ್ಟವರು ಮೊದಲು ವಾರಕ್ಕೊಮ್ಮೆ ಬರುತ್ತಿದ್ದರು, ನೋಟಿಸ್ ಕಂಡಮೇಲೆ ದಿನಕ್ಕೆರಡು ಸಲ ಬರತೊಡಗಿದರು.

ವಕೀಲರು ಊರಿನವರು ಅನ್ನುವುದೊಂದೇ ಸಾಲದು ಅಂತ ಇದನ್ನೆಲ್ಲಾ ಬರೆಯುತ್ತಿದ್ದೇನೆ. ಊರಿನವರೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಸಾಮಾನ್ಯ ಮನುಷ್ಯನ ಐಪಿ ಇವತ್ತಿಗೂ 1920ರ ಪ್ರಾಂತೀಯ ದಿವಾಳಿ ಕಾಯ್ದೆ ಕೆಳಗೇ ನಡೆಯುವುದು. ನೀವು ಎಲ್ಲಿ ವಾಸ ಇದ್ದೀರೋ, ಎಲ್ಲಿ ವ್ಯಾಪಾರ ಮಾಡ್ತೀರೋ ಅಲ್ಲಿನ ಜಿಲ್ಲಾ ಕೋರ್ಟಿಗೆ, ಇಲ್ಲಾಂದರೆ ಸರ್ಕಾರ ಅಧಿಕಾರ ಕೊಟ್ಟಿರುವ ಅದರ ಕೆಳಗಿನ ಕೋರ್ಟಿಗೆ ಹೋಗಬೇಕು. ಬೆಂಗಳೂರಿನ ವಕೀಲರಾದರೂ ಪ್ರತಿ ತಾರೀಖಿಗೂ ಇಲ್ಲಿಗೇ ಬರಬೇಕು, ಅವರ ಬಸ್ ಚಾರ್ಜು ನಿಮ್ಮ ಜೇಬಿಂದ. 2016ರ ಹೊಸ ದಿವಾಳಿ ಕಾಯ್ದೆ ಬಂದಿದೆಯಲ್ಲ ಅಂತ ಕೇಳಬಹುದು. ಅದರಲ್ಲಿ ವ್ಯಕ್ತಿಗಳಿಗೆ ಅಂತ ಇರುವ ಭಾಗ 2019ರ ಡಿಸೆಂಬರ್ 1ರಿಂದ ಜಾರಿಗೆ ಬಂದಿದ್ದು ಕಂಪನಿ ಸಾಲಕ್ಕೆ ಜಾಮೀನು ನಿಂತವರಿಗೆ ಮಾತ್ರ. ನನ್ನಂಥ ಟೈಲರಿಗೆ, ಗಂಗಾವತಿಯ ಭತ್ತದ ವ್ಯಾಪಾರಿಗೆ, ಸಿಂಧನೂರಿನ ಗೊಬ್ಬರದ ಅಂಗಡಿಯವರಿಗೆ ಅದೇ ನೂರು ವರ್ಷದ ಹಳೇ ಕಾಯ್ದೆಯೇ ಗತಿ. ಎಷ್ಟು ಹಳೇದು ಅಂದರೆ, 500 ರೂಪಾಯಿ ಸಾಲ ಇದ್ದರೂ ಅರ್ಜಿ ಹಾಕಬಹುದು ಅಂತ ಅದರಲ್ಲಿ ಬರೆದಿದೆ!

ಸರಿಯಾದ ವಕೀಲರು ಸಿಕ್ಕಿದ್ದು ಹೀಗೆ. ಒಂದು ದಿನ ಕೋರ್ಟಿಗೆ ಹೋಗಿ ಬೆಳಿಗ್ಗೆಯಿಂದ ಸಂಜೆವರೆಗೆ ಕೂತೆ. ದಿವಾಳಿ ಕೇಸು ಯಾರು ನಡೆಸುತ್ತಾರೆ ಅಂತ ಕಂಡಕಂಡವರನ್ನೆಲ್ಲಾ ಕೇಳಿದೆ, ಟೈಪಿಸ್ಟ್, ಟೀ ಕೊಡುವ ಹುಡುಗ, ಯಾರನ್ನೂ ಬಿಡಲಿಲ್ಲ. ಮೂರು ಜನ ಒಂದೇ ಹೆಸರು ಹೇಳಿದರು. ಒಬ್ಬ ಮೇಡಂ. ಅವರ ಆಫೀಸ್ ಅಂದರೆ ಒಂದು ಜೆರಾಕ್ಸ್ ಅಂಗಡಿ ಮೇಲಿನ ರೂಮು, ಮೂರು ಕುರ್ಚಿ, ಒಂದು ಫ್ಯಾನು.

ಮೊದಲು ಅವರು ಫೀಸಿನ ಮಾತೇ ಎತ್ತಲಿಲ್ಲ. ಒಂದು ನೂರು ಪುಟದ ನೋಟ್‌ಬುಕ್ ನನ್ನ ಮುಂದೆ ಇಟ್ಟು, ‘ಯಾರಿಗೆ ಎಷ್ಟು ಕೊಡಬೇಕು, ಅವರ ವಿಳಾಸ ಏನು, ಬರೀರಿ’ ಅಂದರು. ಮೂರು ಗಂಟೆ ಬರೆದೆ. ಕಿರಾಣಿ ಅಂಗಡಿ ಖಾತೆ ಕೂಡ ಬರೆದೆ. ಒಂದು ಹೆಸರು ಮಾತ್ರ ಬಿಟ್ಟೆ. ನಮ್ಮ ಓಣಿಯ ಅಜ್ಜಿ, ಪಿಂಚಣಿ ದುಡ್ಡು ಕೂಡಿಟ್ಟು ನನಗೆ 25,000 ಕೊಟ್ಟಿದ್ದರು. ಅವರದ್ದನ್ನು ಹೇಗಾದರೂ ಒಳಗಿಂದೊಳಗೇ ತೀರಿಸಿಬಿಡೋಣ ಅಂತ ನನ್ನ ಮನಸ್ಸು. ಮೇಡಂ ಪಟ್ಟಿ ಓದಿ, ‘ಇಷ್ಟೇನಾ?’ ಅಂದರು. ಹೌದು ಅಂದೆ. ‘ಸರಿಯಾಗಿ ನೆನಪು ಮಾಡಿಕೊಳ್ಳಿ. ಯಾರನ್ನೋ ಬಿಟ್ಟಿದ್ದೀರಿ, ಮುಖದಲ್ಲೇ ಕಾಣ್ತದೆ.’ ಹೇಳಿದೆ. ‘ಹಂಗೆ ಒಬ್ಬರಿಗೆ ಕೊಟ್ಟು ಇನ್ನೊಬ್ಬರಿಗೆ ಕೈ ಎತ್ತೋದು ಬೇಡ. ಅರ್ಜಿ ಹಾಕೋದಕ್ಕೆ ಮುಂಚಿನ ಮೂರು ತಿಂಗಳಲ್ಲಿ ಒಬ್ಬರಿಗೇ ಅನುಕೂಲ ಆಗಲಿ ಅಂತ ಕೊಟ್ಟಿದ್ದನ್ನು ಕೋರ್ಟು ವಾಪಸ್ ಕೇಳ್ತದೆ. ಅಜ್ಜಿ ಮನೆಗೆ ರಿಸೀವರ್ ನೋಟಿಸ್ ಹೋಗಬೇಕಾ? ಬಿಡುಗಡೆ ಆದಮೇಲೆ ನಿಮ್ಮ ದುಡಿಮೆಯಲ್ಲಿ ಯಾರಿಗೆ ಬೇಕಾದರೂ ಕೊಡಿ, ಯಾರು ಬೇಡ ಅಂತಾರೆ? ಎಲ್ಲಾ ಬರೆಯೋದಾದರೆ ಬರೀರಿ, ಇಲ್ಲಾಂದ್ರೆ ಬೇರೆ ವಕೀಲರನ್ನು ನೋಡ್ಕೊಳ್ಳಿ’ ಅಂದರು. ಬರೆದೆ. ಕೈ ನಡುಗಿ ಅಜ್ಜಿಯ ಹೆಸರಿನ ಒತ್ತಕ್ಷರವೇ ತಪ್ಪಿತು.

ಸೈಟಿನ ವಿಷಯ ಕೇಳಿ ಅವರು ತಲೆ ಮೇಲೆ ಕೈ ಇಟ್ಟುಕೊಂಡರು. ಅರ್ಜಿಗೆ ಹಿಂದಿನ ಎರಡು ವರ್ಷದಲ್ಲಿ ಸುಮ್ಮನೆ ಬರೆದುಕೊಟ್ಟ ಆಸ್ತಿಯ ವರ್ಗಾವಣೆಯನ್ನು ಕೋರ್ಟು ರದ್ದು ಮಾಡಬಹುದು, ಜೊತೆಗೆ ಆಸ್ತಿ ಬಚ್ಚಿಟ್ಟ ಅಂತ ಶಿಕ್ಷೆಯೂ ಆಗಬಹುದು. ಆಮೇಲೆ ಐಪಿಯಿಂದ ಏನು ಆಗಲ್ಲ ಅನ್ನುವುದನ್ನೇ ಮೊದಲು ಹೇಳಿದರು. ಬ್ಯಾಂಕಿನ ಅಡಮಾನ ಐಪಿ ಹಾಕಿದರೂ ಹೋಗಲ್ಲ, ಹನ್ನೆರಡು ಮಷಿನ್ ಬ್ಯಾಂಕಿಗೇ. ಸರ್ಕಾರಕ್ಕೆ ಕಟ್ಟಬೇಕಾದ ತೆರಿಗೆ ಬಾಕಿ ಹೋಗಲ್ಲ. ಮೋಸದಿಂದ ಮಾಡಿದ ಸಾಲ ಹೋಗಲ್ಲ. ಚೆಕ್ ಬೌನ್ಸ್ ಕ್ರಿಮಿನಲ್ ಕೇಸು, ಅದು ಬೇರೆಯೇ ನಡೀತದೆ. ಅದನ್ನು ಲೋಕ ಅದಾಲತ್‌ನಲ್ಲಿ ಮುಗಿಸಿಕೊಂಡೆವು, ನಮ್ಮಣ್ಣ ಸಹಾಯ ಮಾಡಿದ.

ಉಳಿಯುವುದು ಏನು ಅಂತಲೂ ಹೇಳಿದರು. ಉಟ್ಟ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ, ಹೆಂಡತಿಯ ತಾಳಿ, ಕಸುಬಿನ ಉಪಕರಣ. ಇವನ್ನು ಸಿವಿಲ್ ಕಾನೂನಿನ ಪ್ರಕಾರ ಜಪ್ತಿ ಮಾಡುವ ಹಾಗಿಲ್ಲ. ನಾನು ಟೈಲರ್ ಆಗಿದ್ದಾಗ ಕೊಂಡ ಹಳೇ ಮಷಿನ್ ಒಂದಿತ್ತು, ಅದರ ಮೇಲೆ ಯಾವ ಸಾಲವೂ ಇರಲಿಲ್ಲ. ಅದು ಉಳಿಯಿತು. ಈಗಲೂ ಅದರ ಮೇಲೇ ಊಟ.

ಅರ್ಜಿ ಹಾಕಿದಮೇಲೆ ನಡೆದಿದ್ದನ್ನು ಜಾಸ್ತಿ ಬೆಳೆಸುವುದಿಲ್ಲ. ಬಟ್ಟೆ ವ್ಯಾಪಾರಿ ತಕರಾರು ಹಾಕಿದರು, ನನ್ನನ್ನು ಕಟಕಟೆಯಲ್ಲಿ ನಿಲ್ಲಿಸಿ ಲೆಕ್ಕ ಕೇಳಿದರು, ಕೊನೆಗೆ ದಿವಾಳಿ ಅಂತ ಆದೇಶ ಆಯಿತು. ಸೈಟು ರಿಸೀವರ್ ಮಾರಿದರು. ಕೊಟ್ಟವರಿಗೆ ರೂಪಾಯಿಗೆ ಮೂವತ್ತು ಪೈಸೆ ಹಾಗೆ ಸಿಕ್ಕಿತು.

ಜನಕ್ಕೆ ಗೊತ್ತಿಲ್ಲದ್ದು ಇದರ ಮುಂದಿನದು. ಆ ಆದೇಶದಲ್ಲೇ, ಇಷ್ಟು ದಿನದೊಳಗೆ ಬಿಡುಗಡೆಗೆ ಇನ್ನೊಂದು ಅರ್ಜಿ ಹಾಕಬೇಕು ಅಂತ ಗಡುವು ಇರುತ್ತದೆ. ಹಾಕದಿದ್ದರೆ ಆದೇಶವೇ ರದ್ದಾಗಿ ಸಾಲ ಕೊಟ್ಟವರು ಮತ್ತೆ ಬಾಗಿಲಿಗೆ ಬರಬಹುದು, ಮಾಡಿದ್ದೆಲ್ಲಾ ನೀರಲ್ಲಿ ಹೋಮ. ಆದೇಶ ಬಂತು, ಕೇಸು ಮುಗೀತು ಅಂತ ಮನೆಯಲ್ಲಿ ಕೂತವರು ನನಗೇ ಇಬ್ಬರು ಗೊತ್ತು. ಹಾಗಾಗಿ ವಕೀಲರನ್ನು ಕೇಳುವಾಗ ಎಷ್ಟು ಐಪಿ ಹಾಕಿದ್ದೀರಿ ಅಂತ ಕೇಳಬೇಡಿ. ಎಷ್ಟು ಜನಕ್ಕೆ ಬಿಡುಗಡೆ ಕೊಡಿಸಿದ್ದೀರಿ ಅಂತ ಕೇಳಿ. ಉತ್ತರ ಹೇಳಲು ತಡವರಿಸಿದರೆ ಎದ್ದು ಬನ್ನಿ. ಉಳಿಸಿದ ಸಾಲದಲ್ಲಿ ಇಷ್ಟು ಪರ್ಸೆಂಟ್ ಕೊಡಿ ಅಂದರೂ ಎದ್ದು ಬನ್ನಿ, ಕೇಸಿನ ಫಲಿತಾಂಶದ ಮೇಲೆ ಫೀಸು ಗೊತ್ತು ಮಾಡುವುದನ್ನು ಬಾರ್ ಕೌನ್ಸಿಲ್ ನಿಯಮವೇ ಒಪ್ಪುವುದಿಲ್ಲ. ಕೆಲವರಿಗೆ ಐಪಿ ಬೇಕಾಗಿಯೇ ಇರುವುದಿಲ್ಲ. ನನ್ನ ಜೊತೆ ಬಂದಿದ್ದ ಗೆಳೆಯನೊಬ್ಬನ ಕಾಗದ ನೋಡಿ ಮೇಡಂ, ‘ನಿಮಗೆ ಐಪಿ ಯಾಕೆ? ಎರಡೇ ಸಾಲ ಇದೆ, ಅದಾಲತ್‌ಗೆ ಇಡಿ’ ಅಂತ ವಾಪಸ್ ಕಳಿಸಿದರು. ಫೀಸು ಬಿಟ್ಟುಕೊಟ್ಟು ಬೇಡ ಅನ್ನುವ ವಕೀಲರು ಸಿಕ್ಕರೆ ಬಿಡಬೇಡಿ.

ದುಡ್ಡಿಲ್ಲದವರು ಹಾಗಂತ ಹೆದರಬೇಕಿಲ್ಲ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತವಾಗಿ ವಕೀಲರನ್ನು ಕೊಡುತ್ತಾರೆ. ಫೋನ್ ನಂಬರ್ 15100. ಸಾಲ ವಸೂಲಿಗೆ ಮನೆ ಮುಂದೆ ಕೂತು ಬಾಯಿಗೆ ಬಂದ ಹಾಗೆ ಬೈಯುವ ಲೈಸೆನ್ಸ್ ಇಲ್ಲದ ಬಡ್ಡಿಯವರ ಮೇಲೆ 2025ರಲ್ಲಿ ನಮ್ಮ ರಾಜ್ಯದಲ್ಲೇ ಬಿಗಿಯಾದ ಕಾನೂನು ಬಂದಿದೆ, ಹತ್ತು ವರ್ಷದವರೆಗೆ ಜೈಲು. ಅವರಿಗೆ ಹೆದರಿ ಐಪಿ ಹಾಕಬೇಕಿಲ್ಲ, ಪೊಲೀಸ್ ಸ್ಟೇಷನ್ನಿಗೆ ಹೋಗಿ.

ಒಂದು ವಿಷಯ ಮಾತ್ರ ನನಗೆ ಇನ್ನೂ ಅರಗಿಲ್ಲ. ವಕೀಲರು ಜಾಹೀರಾತು ಕೊಡುವ ಹಾಗಿಲ್ಲ, ಬೋರ್ಡ್ ಕೂಡ ಮಿತಿಯಲ್ಲೇ ಇರಬೇಕು ಅಂತ ನಿಯಮ. ಇರಲಿ, ಮರ್ಯಾದೆ ಕೆಲಸ. ಆದರೆ ವಕೀಲರೇ ಅಲ್ಲದ ಏಜೆನ್ಸಿಗಳು ದಿನಕ್ಕೆ ನಾಲ್ಕು ಸಲ ಫೋನ್ ಮಾಡಬಹುದು, ಫೋನ್ ತೆರೆದರೆ ಅವರದ್ದೇ ವಿಡಿಯೋ. ಗೊತ್ತಿದ್ದವರು ಜೆರಾಕ್ಸ್ ಅಂಗಡಿ ಮೇಲೆ ಸುಮ್ಮನೆ ಕೂತಿರುತ್ತಾರೆ, ಗೊತ್ತಿಲ್ಲದವರು ಊರೆಲ್ಲಾ ಕೂಗುತ್ತಾರೆ. ಬಳ್ಳಾರಿ, ಕೊಪ್ಪಳ, ರಾಯಚೂರಿನ ಕಾನೂನು ಸೇವಾ ಪ್ರಾಧಿಕಾರದವರು ತಿಂಗಳಿಗೆ ಒಂದು ದಿನ ದಿವಾಳಿ ಕೇಸು ಗೊತ್ತಿರುವ ವಕೀಲರನ್ನು ಕೂರಿಸಿ, ಬಂದವರ ಕಾಗದ ನೋಡಿ ಹೇಳುವ ವ್ಯವಸ್ಥೆ ಮಾಡಿದರೆ ನನ್ನ ಹಾಗೆ ಲಕ್ಷಕ್ಕೂ ಜಾಸ್ತಿ ಕಳೆದುಕೊಂಡು ಕಲಿಯುವುದು ತಪ್ಪುತ್ತದೆ.

ಬಿಡುಗಡೆ ಆಗುವವರೆಗೆ, ನಾನು ದಿವಾಳಿ ಅಂತ ಹೇಳದೆ ಯಾರ ಹತ್ತಿರವೂ 50 ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ಸಾಲ ಮಾಡುವ ಹಾಗಿಲ್ಲ, ಅದೂ ಅದೇ ಹಳೇ ಕಾಯ್ದೆ. ಹಾಗಾಗಿ ಒಗ್ಗರಣೆ ಅಂಗಡಿಯಲ್ಲಿ ಎರಡು ವರ್ಷದಿಂದ ಖಾತೆ ಬರೆಸಿಲ್ಲ, ಎಲ್ಲಾ ರೊಕ್ಕ ಕೊಟ್ಟೇ ತಿನ್ನುವುದು. ಗಡುವಿನೊಳಗೇ ಬಿಡುಗಡೆ ಅರ್ಜಿ ಹಾಕಿದ್ದೇವೆ, ಸದ್ಯದಲ್ಲೇ ವಿಚಾರಣೆಗೆ ಬರುತ್ತದೆ. ಅದರ ಪ್ರಕಟಣೆ ನಿಮ್ಮ ಪತ್ರಿಕೆಗೇ ಬಂದರೆ ದಯವಿಟ್ಟು ಅಕ್ಷರ ಸ್ವಲ್ಪ ದೊಡ್ಡದಾಗಿ ಹಾಕಿ. ನಮ್ಮ ಓಣಿ ಅಜ್ಜಿಗೆ ಕಣ್ಣು ಮಂಜು. ಅವರೂ ಕೋರ್ಟಿಗೆ ಬಂದು ಏನಾದರೂ ಹೇಳುವುದಿದ್ದರೆ ಹೇಳಲಿ.

ಇತಿ,
ನಿಮ್ಮ ಓದುಗ (ಹೆಸರು ಹಾಕಬೇಡಿ, ಒಳಪುಟದಲ್ಲಿ ಹೇಗೂ ಬರುತ್ತದೆ)
ಕೌಲ್ ಬಜಾರ್, ಬಳ್ಳಾರಿ