ಹನ್ನೆರಡನೇ ದಿನ ಎಲ್ಲಿಗೆ ಹೋಗಬೇಕು? ಕೋಲಾರ ಜಿಲ್ಲಾ ಉಸ್ತುವಾರಿ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸಚಿವರಿಗೆ ನಮಸ್ಕಾರಗಳು.

ನಾನು ಶ್ರೀನಿವಾಸಪುರ ತಾಲ್ಲೂಕಿನವಳು. ನಮ್ಮಪ್ಪನಿಗೆ 67 ವರ್ಷ. ಹೋದ ವರ್ಷ ಮಾವಿನ ಸುಗ್ಗಿ ಮುಗಿಯುವ ಹೊತ್ತಿಗೆ ತೋಟದಲ್ಲೇ ಲಕ್ವ ಹೊಡೆದು ಬಿದ್ದರು. ಬಲಗೈ, ಬಲಗಾಲು, ಮಾತು ಮೂರೂ ಹೋದವು. ಹನ್ನೊಂದು ದಿನ ಆಸ್ಪತ್ರೆಯಲ್ಲಿಟ್ಟುಕೊಂಡು ಜೀವ ಉಳಿಸಿಕೊಟ್ಟರು, ಆ ಋಣ ದೊಡ್ಡದು. ಹನ್ನೆರಡನೇ ದಿನ ಮೂಗಿನ ಪೈಪು, ಮೂತ್ರದ ಚೀಲದ ಸಮೇತ ಡಿಸ್ಚಾರ್ಜ್ ಮಾಡಿ, ಫಿಸಿಯೋಥೆರಪಿ ಮಾಡಿಸಿ ಎಂದು ಚೀಟಿಯಲ್ಲಿ ಬರೆದರು. ಎಲ್ಲಿ ಮಾಡಿಸಬೇಕೆಂದು ಬರೆದಿರಲಿಲ್ಲ.

ಈ ಪತ್ರ ಆ ಹನ್ನೆರಡನೇ ದಿನದ ಬಗ್ಗೆ.

ಲಕ್ವ ಹೊಡೆದ ಮೇಲೆ ಮೊದಲ ಮೂರು ತಿಂಗಳಲ್ಲೇ ಚೇತರಿಕೆ ಹೆಚ್ಚು. ನುಂಗುವುದು, ಕೂರುವುದು, ಎದ್ದು ನಿಲ್ಲುವುದು ಎಲ್ಲವನ್ನೂ ಮತ್ತೆ ಕಲಿಸಬೇಕು, ದಿನಾ ಕಲಿಸಬೇಕು. ಮಲಗಿಸಿಕೊಂಡೇ ನೀರು ಕುಡಿಸಿದರೆ ಅದು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ಇದು ನಮಗೆ ಹೇಗೆ ಗೊತ್ತಿರಬೇಕು? ಊರಿನವರು ಗಡಿಯಾಚೆ ಆಂಧ್ರದಲ್ಲಿ ನಾಟಿ ಔಷಧಿ ಕೊಡಿಸಿ ಅಂದರು. ಅವರನ್ನು ನಾನು ಬೈಯಲಾರೆ, ಅವರಿಗೆ ಗೊತ್ತಿದ್ದ ದಾರಿ ಅದೊಂದೇ.

ಹಸು ಮಾರಿ, ಬೆಂಗಳೂರಿನ ಹೊರವಲಯದ ಒಂದು ಖಾಸಗಿ ಆರೈಕೆ ಕೇಂದ್ರಕ್ಕೆ ಸೇರಿಸಿದೆವು. ತಿಂಗಳಿಗೆ 42 ಸಾವಿರ, ಡೈಪರ್ ಬೇರೆ, ಔಷಧಿ ಬೇರೆ. ಹಗಲು ಚೆನ್ನಾಗಿಯೇ ನಡೆಯುತ್ತಿತ್ತು. ರಾತ್ರಿ ಹದಿನಾಲ್ಕು ಮಂದಿಗೆ ಒಬ್ಬಳೇ ಆಯಾ. ಏಳಲಾಗದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಇಲ್ಲದಿದ್ದರೆ ಮೂಳೆ ಒತ್ತುವ ಕಡೆ ರಕ್ತ ಓಡದೆ ಚರ್ಮ ಸಾಯುತ್ತದೆ. ಹದಿನಾಲ್ಕು ಜನರ ಮಗ್ಗುಲು ಬದಲಿಸಿ, ಬಟ್ಟೆ ಬದಲಿಸಿ, ಕೂಗಿದವರ ಹತ್ತಿರ ಓಡುವ ಹೊತ್ತಿಗೆ ಆ ಎರಡು ಗಂಟೆ ನಾಲ್ಕಾಗುತ್ತದೆ. ಮೂರನೇ ವಾರ ಅಪ್ಪನ ಹಿಮ್ಮಡಿ ಕೆಂಪಾಯಿತು, ಸೊಂಟದ ಕೆಳಗೆ ಹುಣ್ಣಾಯಿತು. ಮೂಳೆ ಕಾಣುವಷ್ಟು ಆಳ. ಮಾತು ಹೋದವರು ನೋವು ಅಂತ ಹೇಗೆ ಹೇಳಿಯಾರು?

ಆ ಆಯಾ ನಮ್ಮ ಮುಳಬಾಗಿಲು ಕಡೆಯ ಹುಡುಗಿ. ಹನ್ನೆರಡು ಗಂಟೆ ಪಾಳಿ, ತರಬೇತಿ ಏನೇನೂ ಇಲ್ಲ, ಕೆಲಸವನ್ನು ಹಿರಿಯ ಆಯಾಗಳನ್ನು ನೋಡಿ ಕಲಿತಿದ್ದಳು. ಹುಣ್ಣು ನೋಡಿ ನನಗಿಂತ ಮೊದಲು ಅತ್ತವಳು ಅವಳೇ. ತಪ್ಪು ಅವಳದಲ್ಲ. ರಾತ್ರಿ ಪಾಳಿಗೆ ಎಷ್ಟು ಜನ ಇರಬೇಕು ಎಂದು ಯಾರೂ ಬಂದು ಕೇಳದಿರುವುದು ತಪ್ಪು.

ಅಲ್ಲೇ ಅಪ್ಪ ಕಲಿತದ್ದನ್ನೂ ಹೇಳಬೇಕು. ಐದನೇ ವಾರ ಮೂಗಿನ ಪೈಪು ತೆಗೆದು, ನೇರ ಕೂರಿಸಿ, ರಾಗಿ ಗಂಜಿ ಚಮಚದಲ್ಲಿ ಕೊಟ್ಟರು. ಆಮೇಲೆ ಎರಡು ಕಂಬಿ ಹಿಡಿದು ನಿಂತರು. ಮಾತು ಕಲಿಸುವ ಮೇಡಂ ಚಿತ್ರ ತೋರಿಸಿದಾಗ, ನನ್ನ ಹೆಸರಿಗಿಂತ ಮೊದಲು 'ತೋತಾಪುರಿ' ಬಂತು. ಸರಿಯಾದ ಕೈಗಳು ಸಿಕ್ಕರೆ ಮನುಷ್ಯ ಎದ್ದು ನಿಲ್ಲುತ್ತಾನೆ ಎಂಬುದನ್ನು ಕಣ್ಣಾರೆ ನೋಡಿದ್ದೇನೆ. ಹಣ ಮುಗಿದ ದಿನ ಕರೆದುಕೊಂಡು ಬಂದೆವು. ನರಸಾಪುರದ ಕಾರ್ಖಾನೆಯ ಕೆಲಸ ಬಿಟ್ಟು ನಾನು ಮನೆಯಲ್ಲಿ ಉಳಿದೆ.

ಸ್ವಾಮಿ, ಆರೋಗ್ಯದ ಹೊಸ ಯೋಜನೆಗಳಿಗೆ ನಮ್ಮ ಜಿಲ್ಲೆ ಹೊಸದಲ್ಲ. ಬೆಂಗಳೂರಿನ ನರರೋಗ, ಮನೋರೋಗ ಆಸ್ಪತ್ರೆ ನಿಮ್ಹಾನ್ಸ್ ಜೊತೆ ಸರ್ಕಾರ 2022ರಲ್ಲಿ ಶುರು ಮಾಡಿದ ಮಿದುಳು ಆರೋಗ್ಯ ಕಾರ್ಯಕ್ರಮದ ಮೊದಲ ಜಿಲ್ಲೆಗಳಲ್ಲಿ ಕೋಲಾರವೂ ಇತ್ತು. ಮನೆಬಾಗಿಲಲ್ಲಿ ಬಿಪಿ, ಶುಗರ್ ನೋಡುವ ಗೃಹ ಆರೋಗ್ಯ ಯೋಜನೆ 2024ರ ಅಕ್ಟೋಬರ್‌ನಲ್ಲಿ ಚಾಲನೆ ಪಡೆದದ್ದೂ ಇಲ್ಲೇ. ಲಕ್ವ ಬರದಂತೆ ತಡೆಯುವ ಕೆಲಸ ನಡೆದಿದೆ. ಬಂದ ಮೇಲೆ? ಆಯುಷ್ಮಾನ್ ಕಾರ್ಡಿನಲ್ಲಿ ಡಿಸ್ಚಾರ್ಜ್ ಆದ ಮೇಲಿನ ಔಷಧಿ, ಪರೀಕ್ಷೆಗೆ 15 ದಿನದ ಲೆಕ್ಕವಿದೆ. ಕಾಲು ನೆಲ ಹಿಡಿಯಲು 15 ದಿನ ಸಾಲದು.

ಜಿಲ್ಲೆಯಲ್ಲಿ ಇಪ್ಪತ್ತು ಹಾಸಿಗೆಯ ಒಂದು ಪುನರ್ವಸತಿ ವಾರ್ಡು ಕೊಡಿ. ಲಕ್ವ, ಸೊಂಟ ಮುರಿತ, ತಲೆಪೆಟ್ಟಿನವರು ಎಂಟು, ಹತ್ತು ವಾರ ಇದ್ದು ಹೋಗುವಂಥದ್ದು. ಮನೆಯವರಲ್ಲಿ ಒಬ್ಬರನ್ನು ಜೊತೆಗಿಟ್ಟುಕೊಂಡು ಮಗ್ಗುಲು ಬದಲಿಸುವುದು, ಊಟ ಮಾಡಿಸುವುದನ್ನು ಕಲಿಸಿ ಕಳಿಸಲಿ. ಬೆಂಗಳೂರಿಗೆ ಹೋಗಿ ಆಯಾ ಕೆಲಸ ಮಾಡುವ ನಮ್ಮ ಹುಡುಗಿಯರಿಗೆ ಈ ವಾರ್ಡಿನಲ್ಲೇ ತರಬೇತಿ, ಸರ್ಟಿಫಿಕೇಟು ಕೊಡಿ. ಖಾಸಗಿ ಕೇಂದ್ರಗಳಿಗೆ ಅಧಿಕಾರಿಗಳು ರಾತ್ರಿ ಹೊತ್ತು ಹೋಗಿ ನೋಡಲಿ.

ಕಟ್ಟಡ ಇಲ್ಲ ಅನ್ನಬೇಡಿ. ಚಿನ್ನದ ಗಣಿಯ ಜೊತೆಗೇ ನಿಂತುಹೋಗಿದ್ದ ಕೆಜಿಎಫ್‌ನ ಗಣಿ ಕಂಪನಿ ಬಿಜಿಎಂಎಲ್‌ನ ಆಸ್ಪತ್ರೆಯನ್ನು 2021ರ ಕೋವಿಡ್ ಅಲೆಯಲ್ಲಿ ಸ್ವಯಂಸೇವಕರು ಗುಡಿಸಿ, ತೊಳೆದು ರೋಗಿಗಳಿಗೆ ಸಿದ್ಧ ಮಾಡಿದ್ದನ್ನು ಜಿಲ್ಲೆಯೇ ನೋಡಿದೆ.

ಜಿಲ್ಲೆಯ ಅಭಿವೃದ್ಧಿ ಕೆಲಸ ಪರಿಶೀಲಿಸುವ ಮುಂದಿನ ಕೆಡಿಪಿ ಸಭೆಯಲ್ಲಿ ಅಧಿಕಾರಿಗಳನ್ನು ಒಂದು ಮಾತು ಕೇಳಿ: ಹೋದ ವರ್ಷ ಲಕ್ವ ಹೊಡೆದು ಮನೆಗೆ ಹೋದವರಲ್ಲಿ ಇವತ್ತು ಎಷ್ಟು ಮಂದಿ ನಡೆಯುತ್ತಿದ್ದಾರೆ, ಎಷ್ಟು ಮಂದಿಗೆ ಬೆನ್ನಲ್ಲಿ ಹುಣ್ಣಾಗಿದೆ? ಲೆಕ್ಕ ಇಲ್ಲದಿದ್ದರೆ ಆಶಾ ಕಾರ್ಯಕರ್ತೆಯರಿಂದ ತರಿಸಿ. ಪಟ್ಟಿಯಲ್ಲಿ ನಮ್ಮಪ್ಪನನ್ನೂ ಸೇರಿಸಿಕೊಳ್ಳಿ.

ಇಂತಿ,
ಶ್ರೀನಿವಾಸಪುರ ತಾಲ್ಲೂಕಿನ ಒಬ್ಬ ಮಾವು ಬೆಳೆಗಾರನ ಮಗಳು